ಒಂಬತ್ತನೆಯ ಗ್ರೀನಿನ ಮೇಲೆ ನೂರು

ಎಫ್ಫೀ ಡಲ್ಗಾರ್ನೊ ತೀರಿಕೊಂಡದ್ದು 2022ನೆಯ ಇಸವಿ ನವೆಂಬರ್ 8, ಮಂಗಳವಾರ. ನಮ್ಮ ಆರ್ಡ್‌ಮಿಲ್ ಊರಿನ ವಾರಪತ್ರಿಕೆ ಅದನ್ನು 9 ಎಂದು ಅಚ್ಚು ಹಾಕಿತು. ಜೊತೆಗೆ, ಆಕೆ ಪುರಸಭೆಯ ಗಾಲ್ಫ್ ಮೈದಾನದಲ್ಲಿ ‘ಸುಮಾರು ಮೂವತ್ತು ವರ್ಷ’ ದುಡಿದರೆಂದೂ ಬರೆಯಿತು. 1979ರ ಮಾರ್ಚ್ 5ರಿಂದ 2014ರ ಸೆಪ್ಟೆಂಬರ್ 30ರವರೆಗೆ ಎಂದರೆ ಮೂವತ್ತೈದು ವರ್ಷ, ಆರು ತಿಂಗಳು, ಇಪ್ಪತ್ತೈದು ದಿನ. ಅದನ್ನು ಸುಮಾರು ಮೂವತ್ತು ಎನ್ನಲಾಗದು.

ಪತ್ರಿಕೆಗೆ ತಿದ್ದುಪಡಿ ಕಳಿಸಲೆಂದು ಲೇಖನಿ ಹಿಡಿದೆ. ಇದೇ ಊರಿನ ಜನನ ಮರಣ ನೋಂದಣಿ ಕಚೇರಿಯಲ್ಲಿ ಮೂವತ್ತೆಂಟು ವರ್ಷ ರಿಜಿಸ್ಟ್ರಾರ್ ಆಗಿದ್ದವನಿಗೆ ಅದು ಬಿಟ್ಟುಹೋಗದ ಅಭ್ಯಾಸ. ಎರಡು ಸಾಲು ಬರೆಯುವಷ್ಟರಲ್ಲಿ, ತಿದ್ದಬೇಕಾದದ್ದು ಬೇರೆಯೇ ಇದೆಯೆಂಬುದು ನೆನಪಾಗಿ ಆ ಕಾಗದವನ್ನು ಮಡಿಚಿಟ್ಟೆ. ಅದರ ಬದಲಿಗೆ ಇದನ್ನು ಬರೆಯುತ್ತಿದ್ದೇನೆ.

ಎಫ್ಫೀ ಹುಟ್ಟಿದ್ದು 1952ರ ಏಪ್ರಿಲ್ 3, ಗುರುವಾರ. ತಂದೆ ಹ್ಯೂ, ಪುರಸಭೆಯ ಸ್ಮಶಾನದಲ್ಲಿ ತೋಟಗಾರ. ಹದಿನಾರಕ್ಕೆ ಶಾಲೆ ಬಿಟ್ಟ ಹುಡುಗಿ ಪುರಸಭೆಯ ಸಸಿಮಡಿಯಲ್ಲಿ ಹೂಗಿಡ ನೆಡುವ ಕೆಲಸಕ್ಕೆ ಸೇರಿದರು. ಹನ್ನೊಂದು ವರ್ಷದ ಮೇಲೆ ಗಾಲ್ಫ್ ಮೈದಾನಕ್ಕೆ ವರ್ಗವಾದರು. ಅಲ್ಲಿ ಆಗ ನಾಲ್ವರು ಗಂಡಾಳುಗಳಿದ್ದರು. ಮೊದಲನೆಯ ದಿನವೇ ಅವರಲ್ಲೊಬ್ಬ, “ಏನಮ್ಮಾ, ಪರದೆ ಹೊಲಿಯೋಕೆ ಬಂದ್ಯಾ?” ಎಂದು ಕೇಳಿದನಂತೆ. “ಹೌದು ಕಣಣ್ಣ, ಮೊದ್ಲು ನಿನ್ ಬಾಯಿಂದ ಶುರು ಮಾಡ್ತೀನಿ” ಎಂದರಂತೆ ಎಫ್ಫೀ. 1991ರಲ್ಲಿ ಆ ನಾಲ್ವರಿಗೂ ಆಕೆಯೇ ಮುಖ್ಯಸ್ಥೆಯಾದರು.

ಗ್ರೀನ್ ಎಂದರೆ ಚೆಂಡು ಬೀಳಬೇಕಾದ ಕುಳಿಯ ಸುತ್ತ ಕಂಬಳಿಯಂತೆ ಒತ್ತಾಗಿ, ಮೋಟಾಗಿ ಕತ್ತರಿಸಿದ ಹುಲ್ಲಿನ ಜಾಗ. ನಮ್ಮ ಮೈದಾನದಲ್ಲಿ ಕುಳಿಗಳು ಒಂಬತ್ತು, ಗ್ರೀನುಗಳೂ ಒಂಬತ್ತು. ಎಫ್ಫೀ ಅವುಗಳನ್ನು ಅಂಗೈಯಿಂದ ನೋಡುತ್ತಿದ್ದರು. ಬೆಳಿಗ್ಗೆ ಆರಕ್ಕೆ ಮಂಡಿಯೂರಿ ಹುಲ್ಲಿನ ಮೇಲೆ ಕೈಯಿಟ್ಟು, ಜ್ವರ ನೋಡುವವರ ಹಾಗೆ ತಣುಪು ನೋಡಿ, ಆಮೇಲೆ ಯಂತ್ರ ಹೊರತೆಗೆಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು.

ಹಿಮಗಟ್ಟಿದ ದಿನಗಳಲ್ಲಿ ಆಕೆಯದು ಒಂದೇ ಕಾನೂನು: ಗ್ರೀನಿನ ಮೇಲೆ ಯಾರೂ ಕಾಲಿಡಬಾರದು. ಇಬ್ಬನಿ ಹೆಪ್ಪುಗಟ್ಟಿದಾಗ ಹುಲ್ಲಿನ ಎಸಳು ಗಾಜಿನಂತಿರುತ್ತದೆ. ತುಳಿದರೆ ಒಳಗೊಳಗೇ ಒಡೆಯುತ್ತದೆ. ಆ ಹೊತ್ತಿಗೆ ಏನೂ ಕಾಣುವುದಿಲ್ಲ. ನಾಲ್ಕೈದು ದಿನ ಕಳೆದ ಮೇಲೆ ಇಟ್ಟ ಹೆಜ್ಜೆಯೆಲ್ಲ ಕಪ್ಪಗೆ ಎದ್ದು, ಬಳಿಕ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಚಳಿಗಾಲದಲ್ಲಿ ಹುಲ್ಲು ಬೆಳೆಯದ ಕಾರಣ ಆ ಗುರುತು ಏಪ್ರಿಲ್‌ವರೆಗೆ ಮಾಯುವುದಿಲ್ಲ.

1987ರ ಡಿಸೆಂಬರ್ 28ರಂದು ನಗರಾಧ್ಯಕ್ಷರೇ ಮೂವರು ಅತಿಥಿಗಳೊಂದಿಗೆ ಬಂದಾಗ, ಎಫ್ಫೀ ಮೊದಲನೆಯ ಗ್ರೀನಿನ ಮುಂದೆ ತೋಳು ಚಾಚಿ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

“ನಾನ್ಯಾರು ಗೊತ್ತೇನಮ್ಮ?” ಎಂದರು ಅಧ್ಯಕ್ಷರು.

“ಗೊತ್ತು ಸ್ವಾಮಿ. ಹೋದ್ಸಲ ನಿಮಗೇ ಓಟ್ ಹಾಕಿದೀನಿ. ಹುಲ್ಲಿಗೆ ಗೊತ್ತಿಲ್ಲ, ಅದಕ್ಕೆ ಓಟಿಲ್ಲ.”

“ಇವರೆಲ್ಲ ದೂರದಿಂದ ಬಂದಿದಾರೆ.”

“ಒಳಗೆ ಒಲೆ ಉರೀತಿದೆ, ಟೀ ಕುಡೀತಾ ಕೂತಿರಿ. ಬಿಸಿಲು ಏರಿದ್ಮೇಲೆ ನಾನೇ ಕರೀತೀನಿ.”

ಅಧ್ಯಕ್ಷರು ಹನ್ನೆರಡೂ ಮುಕ್ಕಾಲಿನವರೆಗೆ ಟೀ ಕುಡಿಯುತ್ತ ಕೂತಿದ್ದರು.

2009ರಿಂದಾಚೆಗೆ ಮೈದಾನದ ದೆಸೆ ಇಳಿಯಿತು. ಐವರಿದ್ದ ಆಳುಗಳು ಇಬ್ಬರಾದರು. ಮೂರನೆಯ ಕುಳಿಯ ಬಳಿಯ ಚರಂಡಿ ಹೂಳು ತುಂಬಿ, ನವೆಂಬರ್ ಬಂದರೆ ಅಲ್ಲಿ ಬಾತುಕೋಳಿಗಳು ಈಜುತ್ತಿದ್ದವು. ಚೆಂಡಿಗೆ ತೊಡಕಾಗಲೆಂದು ತೋಡಿದ ಮರಳುಗುಳಿಗಳಲ್ಲಿ ಮುಳ್ಳುಗಿಡ ಬೆಳೆಯಿತು, ಬೇಲಿ ಬಾಗಿತು. ಸುತ್ತಲಿನ ಮನೆಯವರು ಪುರಸಭೆಗೆ ದೂರು ಬರೆದರು; ಪುರಸಭೆ ಆ ದೂರುಗಳನ್ನೇ ಆಧಾರ ಮಾಡಿಕೊಂಡು, 2013ರ ಆಗಸ್ಟ್ 22ರಂದು, ಮೈದಾನವನ್ನು ಮುಚ್ಚುವುದೇ ಲೇಸೆಂಬ ಪ್ರಸ್ತಾವ ಹೊರಡಿಸಿತು. ಮುಚ್ಚಿದ ಮೇಲೆ ಅಲ್ಲಿ ಏನಾಗುವುದೆಂದು ಅದರಲ್ಲಿ ಒಂದು ಮಾತೂ ಇರಲಿಲ್ಲ. ಮನೆಗಳು ಏಳುತ್ತವೆ ಎಂದರು ಕೆಲವರು. ಏನೂ ಏಳದೆ ಕಾಡು ಬೆಳೆಯುತ್ತದೆ ಎಂದರು ಉಳಿದವರು.

ಡೂಗಲ್ ಇಮ್ರಿಯ ಬೇಕರಿಯ ಹಿಂಗೋಣೆಯಲ್ಲಿ ನಿವಾಸಿಗಳ ಸಮಿತಿ ಹುಟ್ಟಿತು. ಇಮ್ರಿ ಅಧ್ಯಕ್ಷ, ನಾನು ಕಾರ್ಯದರ್ಶಿ. ನಮ್ಮ ಪಾಲಿಗಿದ್ದ ಬಲ ಒಂದೇ. ಅಕ್ಟೋಬರಿನಲ್ಲಿ ಬಂದ ಪುರಸಭೆಯ ಪರಿವೀಕ್ಷಕ ಚರಂಡಿ, ಬೇಲಿ, ದಾರಿ ಎಲ್ಲವನ್ನೂ ಹಳಿದು, ಕೊನೆಯಲ್ಲಿ, ‘ಒಂಬತ್ತೂ ಗ್ರೀನುಗಳು ಅತ್ಯುತ್ತಮ’ ಎಂದು ಬರೆದಿದ್ದ. ಆ ಸಾಲನ್ನು ಹಿಡಿದು ಜಗ್ಗಾಡಿ, ಡಿಸೆಂಬರ್ 12ರಂದು ಪುರಸಭೆಯಿಂದ ಒಂದು ಮಾತು ಪಡೆದೆವು: ಫೆಬ್ರವರಿ 11ರಂದು ಮರುಪರೀಕ್ಷೆ. ಒಂಬತ್ತೂ ಗ್ರೀನುಗಳು ಅದೇ ಸ್ಥಿತಿಯಲ್ಲಿದ್ದರೆ ಐದು ವರ್ಷ ಮೈದಾನ ನಮ್ಮ ಸಮಿತಿಯ ಕೈಗೆ, ಇಲ್ಲವಾದರೆ ಬಾಗಿಲಿಗೆ ಬೀಗ.

“ಹಾಗಾದ್ರೆ ಫೆಬ್ರವರಿವರೆಗೂ ನೀವ್ಯಾರೂ ನನ್ನ ಕಣ್ಣಿಗೆ ಬೀಳ್ಬೇಡಿ” ಎಂದರು ಎಫ್ಫೀ.

ಆ ಮಾತು ಕೇಳಿದ್ದರೆ ಸಾಕಿತ್ತು. ಆದರೆ ಕ್ರಿಸ್ಮಸ್ ವಾರದಲ್ಲಿ ನಾನು ಹಳೆಯ ನಡಾವಳಿ ಪುಸ್ತಕಗಳನ್ನು ತಿರುವಿ ಹಾಕುತ್ತಿದ್ದಾಗ, ಮೈದಾನದ ಜಮೀನು ಊರಿನ ಹೆಸರಿಗಾದ ಪತ್ರಕ್ಕೆ ಸಹಿ ಬಿದ್ದದ್ದು 1914ರ ಜನವರಿ 19, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ಎಂಬ ಟಿಪ್ಪಣಿ ಸಿಕ್ಕಿತು. ಮೂರು ವಾರದಲ್ಲಿ ಸರಿಯಾಗಿ ನೂರು ವರ್ಷ. ಊರಿನವರೆಲ್ಲ ಅದೇ ದಿನ, ಅದೇ ಗಳಿಗೆಗೆ ಒಂಬತ್ತನೆಯ ಗ್ರೀನಿನ ಮೇಲೆ 100 ಎಂಬ ಅಂಕಿಯ ಆಕಾರದಲ್ಲಿ ನಿಂತರೆ, ಆಟಗಾರರ ಕಟ್ಟಡದ ಮಹಡಿಯ ಕಿಟಕಿಯಿಂದ ಪತ್ರಿಕೆಯವರು ಚಿತ್ರ ತೆಗೆಯಬಹುದು. ಚೌಕಳಿ ಕಾಗದದ ಮೇಲೆ ನಕ್ಷೆ ಬರೆದುಕೊಂಡು ಸಮಿತಿಗೆ ಹೋದೆ.

ಎಫ್ಫೀ ನಕ್ಷೆಯನ್ನು ಬಹಳ ಹೊತ್ತು ನೋಡಿದರು. “ಮಾರ್ಚಲ್ಲಿ ಮಾಡಿ, ರಿಜಿಸ್ಟ್ರಾರ್ ಸಾಹೇಬ್ರೇ.”

“ಮಾರ್ಚ್ ಹೊತ್ತಿಗೆ ವರದಿ ಹೋಗಿಬಿಟ್ಟಿರತ್ತೆ.”

“ಸರಿ, ಮಧ್ಯಾಹ್ನ ಒಂದು ಗಂಟೆಗಾದ್ರೂ ಇಟ್ಕೊಳ್ಳಿ. ಒಂಬತ್ತನೇದು ಪೈನ್ ಮರಗಳ ನೆರಳಲ್ಲಿದೆ. ಅಲ್ಲಿ ಹಿಮ ಬಿಡೋದೇ ಹನ್ನೆರಡೂವರೆ ಮೇಲೆ.”

“ಸಹಿಯಾಗಿದ್ದು ಹನ್ನೊಂದಕ್ಕೆ.”

“ನೂರು ವರ್ಷ ಕಾದಿದೆಯಂತೆ, ಇನ್ನೆರಡು ಗಂಟೆ ಕಾಯಲ್ವಂತಾ?”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. “ನೂರು ವರ್ಷ ಎರಡು ಗಂಟೆ ಅಂದ್ರೆ ಅದು ನೂರು ವರ್ಷ ಅಲ್ಲ, ಮಿಸ್ ಡಲ್ಗಾರ್ನೊ” ಎಂದೆ.

“ಬಿಡಮ್ಮ ಎಫ್ಫೀ” ಎಂದ ಇಮ್ರಿ, “ಇವರು ಅವರಪ್ಪ ಅಮ್ಮನ ಮದ್ವೇಗೂ ಗಡಿಯಾರ ಹಿಡ್ಕೊಂಡೇ ಹೋಗಿದ್ರೇನೋ.”

ಹಿಮಗಟ್ಟಿದರೆ ಎಫ್ಫೀ ‘ಮುಚ್ಚಿದೆ’ ಎಂಬ ಹಲಗೆ ನೇತುಹಾಕತಕ್ಕದ್ದು, ನೇತುಹಾಕಿದರೆ ಜನ ಹಿಂದಿರುಗತಕ್ಕದ್ದು ಎಂದು ತೀರ್ಮಾನವಾಯಿತು. ನಾನೇ ಅದನ್ನು ಬರೆದುಕೊಂಡೆ.

2014ರ ಜನವರಿ 19, ಭಾನುವಾರ. ಊರೆಲ್ಲ ಬೆಳ್ಳಗಿತ್ತು. ಹತ್ತೂ ಇಪ್ಪತ್ತಕ್ಕೆ ನಾನು ಮೈದಾನ ತಲುಪಿದಾಗ ಬಾಗಿಲಿನಲ್ಲಿ ಹಲಗೆ ತೂಗುತ್ತಿತ್ತು. ಅದರ ಕೆಳಗಿನಿಂದಲೇ ಜನ ಬರುತ್ತಿದ್ದರು. ಇಗರ್ಜಿ ಮುಗಿಸಿ ನೇರವಾಗಿ ಬಂದವರು, ಗಾಲಿಕುರ್ಚಿಯಲ್ಲಿ ತಾಯಿಯನ್ನು ತಳ್ಳಿಕೊಂಡು ಬಂದವರು, ಜನ್ಮದಲ್ಲಿ ಗಾಲ್ಫ್ ಕೋಲು ಹಿಡಿಯದವರು. ಹಳೆಯ ಹೊದಿಕೆಯ ಮೇಲೆ ‘ನಮ್ಮ ಮೈದಾನ’ ಎಂದು ಬಣ್ಣದಲ್ಲಿ ಬರೆದು ತಂದಿದ್ದರು. ಇಮ್ರಿ ಬಿಸಿಬಿಸಿ ಮಾಂಸದ ಕಡುಬುಗಳನ್ನು ಬುಟ್ಟಿಯಲ್ಲಿ ಹೊತ್ತು ತಂದಿದ್ದ. ಎಣಿಸಿದೆ, ನೂರ ಎಂಬತ್ತಮೂರು ಜನ. ಇಪ್ಪತ್ತು ಮಂದಿ ಬಂದರೆ ಹೆಚ್ಚೆಂದು ಪುರಸಭೆ ಹೇಳಿತ್ತು.

ಒಂಬತ್ತನೆಯ ಗ್ರೀನಿನ ಅಂಚಿನಲ್ಲಿ ಎಫ್ಫೀ ಮಂಡಿಯೂರಿ ಕೂತಿದ್ದರು. ಅಂಗೈ ಹುಲ್ಲಿನ ಮೇಲಿತ್ತು. “ಇನ್ನೂ ಇದೆ” ಎಂದರು, ತಲೆಯೆತ್ತದೆ. ಆಮೇಲೆ ಎದ್ದು, ಜನರ ಕಡೆಗೆ ತಿರುಗಿ, ಎಡದ ತೋಳನ್ನು ಚಾಚಿ ನಿಂತರು. ಜನ ಅದನ್ನು ಸ್ವಾಗತವೆಂದು ತಿಳಿದರೋ ಏನೋ, ಆಕೆಯ ಹೆಸರು ಹಿಡಿದು ಕೂಗಿ ಚಪ್ಪಾಳೆ ತಟ್ಟಿದರು.

ಕಿಟಕಿಯಲ್ಲಿದ್ದ ಛಾಯಾಗ್ರಾಹಕ ಗಡಿಯಾರ ತೋರಿಸಿದ. ಹನ್ನೆರಡಕ್ಕೆ ಪಕ್ಕದೂರಿನಲ್ಲಿ ಅವನಿಗೆ ಬೇರೆ ಕೆಲಸ. ನನ್ನ ಗಡಿಯಾರದಲ್ಲಿ ಹತ್ತೂ ನಲವತ್ತಾರು.

“ಐದೇ ನಿಮಿಷ, ಮಿಸ್ ಡಲ್ಗಾರ್ನೊ” ಎಂದೆ. “ನಿಂತು ಹೊರಟುಬಿಡ್ತೀವಿ.”

ಆಕೆ ನನ್ನನ್ನು ನೋಡಲಿಲ್ಲ. ಇಳಿಜಾರಿನಲ್ಲಿ ನೆರೆದಿದ್ದ ಜನರನ್ನೇ ನೋಡುತ್ತಿದ್ದರು. “ಇಷ್ಟೂ ಜನ ನನ್ನ ಹುಲ್ಲಿಗೋಸ್ಕರ ಬಂದಿದಾರಲ್ಲ” ಎಂದರು, ಯಾರಿಗೂ ಅಲ್ಲದಂತೆ. ತೋಳು ಕೆಳಗಿಳಿಯಿತು.

ಕಾಲ ಕೆಳಗೆ ಹುಲ್ಲು ಹಪ್ಪಳದಂತೆ ಸದ್ದು ಮಾಡಿತು. ನಾನು ನಕ್ಷೆ ಹಿಡಿದು ಒಬ್ಬೊಬ್ಬರನ್ನೂ ಅಂಕಿಯ ಗೆರೆಗುಂಟವೇ ನಡೆಸಿ ಅವರವರ ಜಾಗದಲ್ಲಿ ನಿಲ್ಲಿಸಿದೆ. ಹನ್ನೊಂದು ಹೊಡೆಯುವಾಗ ಚಿತ್ರ ತೆಗೆದಾಯಿತು. ಐದು ನಿಮಿಷವೆಂದದ್ದು ಹದಿನೇಳಾಯಿತು. 24ರ ಶುಕ್ರವಾರ ಅದು ಪತ್ರಿಕೆಯ ಮೊದಲ ಪುಟದಲ್ಲಿ ಬಂತು. ನಾನು ಆರು ಪ್ರತಿ ಕೊಂಡೆ.

25ರ ಬೆಳಿಗ್ಗೆ ಎಫ್ಫೀ ಫೋನ್ ಮಾಡಿದರು. “ಸ್ವಲ್ಪ ಬಂದು ಹೋಗಿ.” ಕರೆದುಕೊಂಡು ಹೋಗಿ ಅದೇ ಮಹಡಿಯ ಕಿಟಕಿಯಲ್ಲಿ ನಿಲ್ಲಿಸಿದರು. ಹಸಿರು ಗ್ರೀನಿನ ನಡುವೆ ಕಪ್ಪಗೆ, ಸ್ಪಷ್ಟವಾಗಿ, 100.

“ಲೆಕ್ಕ ಸರಿಯಾಗೇ ಇದೆ, ಸಾಹೇಬ್ರೇ” ಎಂದರು. “ಒಂದು ಗೆರೆಯೂ ವಕ್ರವಾಗಿಲ್ಲ.”

ಆಕೆ ನನ್ನನ್ನು ಅಂದದ್ದು ಅಷ್ಟೇ. ಆ ದಿನವೂ ಅಷ್ಟೇ, ಆಮೇಲೂ ಅಷ್ಟೇ.

ಮುಂದಿನ ಹದಿನೇಳು ದಿನ ಎಫ್ಫೀ ಮಾಡದ ಉಪಾಯವಿಲ್ಲ. ಯಂತ್ರ ಇಡುವ ಕೊಟ್ಟಿಗೆಯ ಹಿಂದೆ ಬೆಳೆಸಿದ್ದ ಹುಲ್ಲಿನಿಂದ ಬಿಲ್ಲೆ ಬಿಲ್ಲೆಯಾಗಿ ಕೊರೆದು ತಂದು ಕೂರಿಸಿದರು. ಸಂಜೆ ಹಾಸು ಹೊದಿಸಿ ಬೆಳಿಗ್ಗೆ ತೆಗೆದರು. ನೆಲ ಕಲ್ಲಾಗಿತ್ತು, ಬೇರು ಹಿಡಿಯಲಿಲ್ಲ.

ಫೆಬ್ರವರಿ 11ರಂದು ಬಂದ ಪರಿವೀಕ್ಷಕ ಮರ್ಯಾದಸ್ಥ. ಎಂಟು ಗ್ರೀನುಗಳನ್ನು ಮೆಚ್ಚಿಕೊಂಡ. ಒಂಬತ್ತನೆಯದರ ಮುಂದೆ ನಿಂತು ಕೇಳಿದ:

“ಇದೇನಾಯ್ತು ಮೇಡಂ?”

“ಹಿಮದಲ್ಲಿ ತುಳಿದಿದಾರೆ.”

“ಬಿಟ್ಟಿದ್ದು ಯಾರು?”

“ನಾನೇ.”

ನಾನು ಆಕೆಯಿಂದ ನಾಲ್ಕು ಗಜ ದೂರದಲ್ಲಿದ್ದೆ. ಕಂಕುಳಲ್ಲಿ ಸಮಿತಿಯ ಕಡತವಿತ್ತು, ಅದರೊಳಗೆ ನನ್ನ ಕೈಬರಹದ ನಕ್ಷೆಯಿತ್ತು. ಪರಿವೀಕ್ಷಕ ನನ್ನತ್ತ ತಿರುಗಿ, ಏನಾದರೂ ಹೇಳುವುದಿದೆಯೇ ಎಂಬಂತೆ ನೋಡಿದ. ನಾನು ಕಡತವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡೆ.

ಮೂರು ದಿನದ ಮೇಲೆ ಪುರಸಭೆಗೆ ಏಳು ಪುಟದ ಪತ್ರ ಬರೆದೆ. ಅದರ ಪ್ರತಿ ಈಗ ನನ್ನ ಮುಂದಿದೆ. ‘ಸಮಾರಂಭದ ಸಮಯವನ್ನು ನಿಗದಿಪಡಿಸಲಾಗಿತ್ತು’ ಎಂದಿದೆ. ‘ಜನರು ಗ್ರೀನನ್ನು ಪ್ರವೇಶಿಸುವಂತಾಯಿತು’ ಎಂದಿದೆ. ಏಳು ಪುಟಗಳಲ್ಲಿ ‘ನಾನು’ ಎಂಬ ಪದ ಒಂದು ಸಲವೂ ಇಲ್ಲ. ಕಾರಣ ಯಾವುದೆಂಬುದು ಪರೀಕ್ಷೆಯ ವ್ಯಾಪ್ತಿಗೆ ಬಾರದೆಂದು ಪುರಸಭೆ ಎರಡು ಸಾಲಿನ ಉತ್ತರ ಕೊಟ್ಟಿತು. ಮಾರ್ಚ್ 20ರಂದು ಮೈದಾನ ಮುಚ್ಚುವ ತೀರ್ಮಾನವಾಯಿತು. ವರದಿಯ ಹದಿನಾಲ್ಕನೆಯ ಪುಟದಲ್ಲಿ, ‘ಒಂಬತ್ತನೆಯ ಗ್ರೀನಿನ ಹಾನಿಗೆ ಮುಖ್ಯಸ್ಥೆಯ ಮೇಲ್ವಿಚಾರಣೆಯ ಲೋಪವೇ ಕಾರಣ’ ಎಂದು ಅಚ್ಚಾಗಿದೆ. ಊರಿನಲ್ಲೂ ಅದೇ ಮಾತು ನಿಂತಿತು. ಹಾಗೆ ಮಾತಾಡಿದವರಲ್ಲಿ ಅನೇಕರು ಅಂದು ಆ ಅಂಕಿಯೊಳಗೆ ನಿಂತು ಕಡುಬು ತಿಂದವರು.

ಕೊನೆಯ ದಿನ ಸೆಪ್ಟೆಂಬರ್ 30, ಮಂಗಳವಾರ. ಮಧ್ಯಾಹ್ನ ಒಂದು ಗಂಟೆಗೆ ಬರಬೇಕೆಂದು ಎಫ್ಫೀ ಹೇಳಿಕಳಿಸಿದ್ದರು. ಹೋದಾಗ ಒಂಬತ್ತನೆಯ ಗ್ರೀನನ್ನು ಕತ್ತರಿಸಿ ಮುಗಿಸಿ, ಯಂತ್ರದ ಅಲಗನ್ನು ಒರೆಸುತ್ತಿದ್ದರು. ಹೊಸ ಹುಲ್ಲು ಹಳೆಯದಕ್ಕಿಂತ ತುಸು ಗಾಢವಾಗಿ ಬೆಳೆದು, ಅಂಕಿ ಈಗ ಹಸಿರಿನಲ್ಲಿ ಹಸಿರಾಗಿ ಕಾಣುತ್ತಿತ್ತು.

“ನಾಳೆಯಿಂದ ಆಡೋರೇ ಇಲ್ವಲ್ಲ, ಯಾಕೆ ಕತ್ತರಿಸಿದ್ರಿ?” ಎಂದೆ.

“ಮಂಗಳವಾರ ಒಂಬತ್ತನೇದರ ಸರದಿ.” ಆಮೇಲೆ ಗ್ರೀನಿನತ್ತ ಕೈ ತೋರಿಸಿದರು. “ಒಂದು ಗಂಟೆ ಆಯ್ತು. ಹುಲ್ಲಿನ ಇಬ್ಬನಿ ಆರಿದೆ. ಈಗ ನಡೀರಿ.”

ನನಗೆ ಕಾಲೆತ್ತಿ ಇಡಲಾಗಲಿಲ್ಲ. ಅಂಚಿನುದ್ದಕ್ಕೂ ಒಂದು ಸುತ್ತು ಹಾಕಿ ಬಂದು ಆಕೆಯ ಪಕ್ಕ ನಿಂತೆ.

“ಏನೋ ಹೇಳ್ಬೇಕು ಅಂತಿರೋ ಹಾಗಿದೆ” ಎಂದರು.

“ಏನಿಲ್ಲ.”

“ಸರಿ ಹಾಗಾದ್ರೆ. ಈ ಕಡೆ ಸ್ವಲ್ಪ ಹಿಡ್ಕೊಳ್ಳಿ, ಯಂತ್ರ ಒಳಗಿಡೋಣ.”

ಹಿಡಿದುಕೊಂಡೆ. ಇಬ್ಬರೂ ಸೇರಿ ಅದನ್ನು ಕೊಟ್ಟಿಗೆಯೊಳಕ್ಕೆ ತಳ್ಳಿದೆವು. ಬೀಗ ಹಾಕಿ, ಬೀಗದ ಕೈಯನ್ನು ಲಕೋಟೆಯಲ್ಲಿಟ್ಟು ಮೇಲೆ ಪುರಸಭೆಯ ವಿಳಾಸ ಬರೆದರು.

ಮೈದಾನ ಇಂದಿಗೂ ಹಾಗೆಯೇ ಬಿದ್ದಿದೆ. ಮನೆಗಳು ಏಳಲಿಲ್ಲ; ಸೊಂಟದೆತ್ತರ ಹುಲ್ಲು ಬೆಳೆದಿದೆ, ಮೂರನೆಯ ಕುಳಿಯ ನೀರು ಮಳೆ ಜೋರಾದಾಗ ಹಿತ್ತಲುಗಳಿಗೆ ನುಗ್ಗುತ್ತದೆ. ಆಮೇಲಿನ ಎಂಟು ವರ್ಷ ಎಫ್ಫೀಯನ್ನು ನಾನು ವಾರಕ್ಕೊಮ್ಮೆಯಾದರೂ ಇಮ್ರಿಯ ಅಂಗಡಿಯಲ್ಲಿ ಕಾಣುತ್ತಿದ್ದೆ. ಹವೆಯ ಮಾತಾಡುತ್ತಿದ್ದೆವು.

ಆದ್ದರಿಂದ ಈ ತಿದ್ದುಪಡಿ. ವರದಿಯ ಹದಿನಾಲ್ಕನೆಯ ಪುಟದ ಆ ಸಾಲು ತಪ್ಪು. ದಿನವನ್ನೂ ಗಳಿಗೆಯನ್ನೂ ಗೊತ್ತುಮಾಡಿದವನು ನಾನು. ನಕ್ಷೆ ಬರೆದವನು ನಾನು. ಹಲಗೆ ತೂಗುತ್ತಿದ್ದರೂ ಜನರನ್ನು ಹುಲ್ಲಿನ ಮೇಲೆ ನಿಲ್ಲಿಸಿದವನು ನಾನು. ಮಿಸ್ ಎಫ್ಫೀ ಡಲ್ಗಾರ್ನೊ ಕೇಳಿದ್ದು ಮಧ್ಯಾಹ್ನ ಒಂದು ಗಂಟೆಗೆ ಎಂದು.