ಒಂಟಿ ಚಪ್ಪಲಿಯ ಗುರುತು

ಶಿಕಾರಿಪುರದ ಬಸ್ ನಿಲ್ದಾಣದ ಹೊರಗೆ ಚಪ್ಪಲಿ ಹೊಲಿಯುವವರೊಬ್ಬರಿದ್ದರು. ಅವರು ಗಿರಾಕಿಯ ಮುಖ ನೋಡಿದ್ದನ್ನು ನಾನು ಕಂಡಿಲ್ಲ. ಕಿತ್ತ ಚಪ್ಪಲಿಯನ್ನು ಅಂಗೈಯಲ್ಲಿಟ್ಟುಕೊಂಡು, ಕಾಲೂರುವ ಜಾಗದ ಮೇಲೆ ಹೆಬ್ಬೆರಳು ಆಡಿಸಿ, "ಇದೇ ಹೇಳ್ತೈತ್ರೀ" ಎನ್ನುತ್ತಿದ್ದರು. ಏನು ಹೇಳುತ್ತದೆಂದು ಬಿಡಿಸಿ ಹೇಳುತ್ತಿರಲಿಲ್ಲ.

ಒಮ್ಮೆ ಸೊರಬದ ಬಸ್ಸಿಗೆ ಕಾಯುತ್ತ ಅವರ ಪಕ್ಕ ಕೂತು ಕಾದಂಬರಿ ಓದುತ್ತಿದ್ದೆ. ಒಂಟಿ ಚಪ್ಪಲಿ ಹಿಡಿದು ಹುಡುಗಿಯನ್ನು ಹುಡುಕುವ ರಾಜಕುಮಾರನ ಹಳೆಯ ಕಥೆಯನ್ನೇ ಈ ಕಾಲಕ್ಕೆ ತಂದು ಬರೆದದ್ದು. ಅವರು ಕೇಳಿದ್ದಕ್ಕೆ ಕಥೆ ಹೇಳಿದೆ. ಪಾರ್ಟಿಯಿಂದ ಓಡುವ ಹುಡುಗಿಯ ಒಂದು ಚಪ್ಪಲಿ ಕಳಚಿ ಬೀಳುತ್ತದೆ. ಶ್ರೀಮಂತರ ಹುಡುಗ ಅದನ್ನು ಊರ ಹುಡುಗಿಯರ ಕಾಲಿಗೆಲ್ಲ ಹಾಕಿ ನೋಡುತ್ತಾನೆ.

ಅವರ ಕೈಯ ದಾರ ನಿಂತಿತು. "ಒಂದೇ ಅಳತೆ ಕಾಲು ಊರಾಗೆ ನೂರು ಇರ್ತಾವ್ರೀ ಅಕ್ಕಾರೆ. ಅವ ಅಳತೆ ಯಾಕೆ ನೋಡ್ದ? ಅದ್ರಾಗೆ ಬೆರಳು ಕುಂತ ಗುರುತು ಇರಲಿಲ್ಲೇನು?"

ನಾನು ಆ ಪುಟ ತಿರುವಿ ಹುಡುಕಿದೆ. ಅಷ್ಟರಲ್ಲಿ ಬಸ್ಸು ಬಂತು. ರಿಪೇರಿಗೆಂದು ಚೀಲದಲ್ಲಿ ತಂದಿದ್ದ ನನ್ನ ಒಂಟಿ ಚಪ್ಪಲಿ ಅವರಲ್ಲೇ ಉಳಿಯಿತು. ಜೋಡಿ ಮನೆಯಲ್ಲಿತ್ತು; ನಮ್ಮ ಕಡೆ ಕಿತ್ತದ್ದನ್ನಷ್ಟೇ ಒಯ್ಯುವುದು.

ಅದನ್ನು ಮರೆತೇಬಿಟ್ಟಿದ್ದ ನಾನು ಎರಡು ವರ್ಷದ ಮೇಲೆ ಬೇರೆ ಚಪ್ಪಲಿಯ ಬಾರು ಹೊಲಿಸಲು ಹೋದೆ. ಅವರು ತಲೆಯೆತ್ತಲಿಲ್ಲ. ನಾನು ಕಳಚಿ ಕೊಟ್ಟಿದ್ದನ್ನು ಸವರಿದರು, ಹಿಂದೆ ಮೊಳೆಗೆ ನೇತುಹಾಕಿದ್ದ ಒಂಟಿಗಳಲ್ಲಿ ಒಂದನ್ನು ತೆಗೆದು ಮುಂದಿಟ್ಟರು. ನನ್ನದೇ. ಹೊಲಿದು ಸಿದ್ಧವಾಗಿತ್ತು.

ಹೇಗೆ ಗುರುತು ಸಿಕ್ಕಿತೆಂದು ಕೇಳಿದೆ.

"ಇದೇ ಹೇಳ್ತೈತ್ರೀ. ಇದ್ರ ಜೋಡಿ ಐತಲ್ಲ?"

"ಮನೇಲಿದೆ" ಎಂದೆ. ಅದನ್ನು ಎಸೆದು ಆಗಲೇ ವರ್ಷ ಕಳೆದಿತ್ತು.