ಆಣೆಯ ಮೆಷಿನ್ ಪೈಸೆಗೆ ತಿರುಗಿದಾಗ

೧೯೫೭ರಲ್ಲಿ ನಾನು ಕೊಯಮತ್ತೂರಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಕೂಡುವ ಮೆಷಿನ್ ನಡೆಸುತ್ತಿದ್ದೆ. ಸಂಬಳದ ಬಿಲ್ಲುಗಳ ಮೊತ್ತ ತೆಗೆಯುವುದು ನನ್ನ ಕೆಲಸ. ಮೆಷಿನ್ನಿನ ಮೈತುಂಬ ಗುಂಡಿಗಳು. ಒತ್ತಿ, ಪಕ್ಕದ ಹಿಡಿ ಎಳೆದರೆ ಹನ್ನೆರಡು ಪೈ ತಾನಾಗಿ ಒಂದಾಣೆಯಾಗುತ್ತಿತ್ತು, ಹದಿನಾರು ಆಣೆ ಒಂದು ರೂಪಾಯಿ. ಕಣ್ಣು ಕಾಗದದ ಮೇಲಿದ್ದರೂ ಬೆರಳು ತಪ್ಪುತ್ತಿರಲಿಲ್ಲ. ನಮ್ಮದು ಮಗ್ಗದ ಮನೆ. ಅಪ್ಪ ನೇಯ್ದ ಸೀರೆಗೆ ಗಿರಾಕಿ ಸಿಗದ ತಿಂಗಳು ನನ್ನ ಸಂಬಳದಿಂದಲೇ ಒಲೆ ಉರಿಯಬೇಕು. ಆದರೆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಏಪ್ರಿಲ್‌ನಿಂದ ಆಣೆ ಹೋಗಿ ನಯಾ ಪೈಸೆ ಬರುತ್ತದೆ ಎಂದು ಆದೇಶ ಬಂತು. ಮೆಷಿನ್ನನ್ನು ಹಲಗೆ ಪೆಟ್ಟಿಗೆಯಲ್ಲಿ ಕಟ್ಟಿ, ಹಲ್ಲುಚಕ್ರ ಬದಲಿಸಲು ಮದರಾಸಿಗೆ ಕಳಿಸಿದರು. ಪಕ್ಕದ ಮೇಜಿನ ಟೈಪಿಸ್ಟ್ ತಮಿಳಿನಲ್ಲಿ ತಮಾಷೆಗೆಂಬಂತೆ ಹೇಳಿದ:

"ಇನ್ನು ಎಲ್ಲಾ ನೂರರ ಲೆಕ್ಕ ತಾನೇ? ಯಾರು ಬೇಕಾದರೂ ಕೂಡಬಹುದು. ನಿಮ್ಮನ್ನ ಯಾಕಮ್ಮಾ ಇಟ್ಕೋತಾರೆ?"

ನಾನು ಬಿಲ್ಲಿನ ಕಟ್ಟು ಬಿಚ್ಚಿ ಕೈಲೆಕ್ಕ ಶುರುಮಾಡಿದೆ.

ಅದೇ ವರ್ಷದ ಮಾರ್ಚ್‌ನಲ್ಲಿ ಸರ್ಕಾರ ಶಕ ವರ್ಷದ ಹೊಸ ಪಂಚಾಂಗವನ್ನೂ ತಂದಿತ್ತು. ಕಾಗದಗಳಲ್ಲಿ ಹಳೆಯ ತಾರೀಖಿನ ಜೊತೆ ಅದನ್ನೂ ಹಾಕಬೇಕು. ಟೈಪಿಸ್ಟ್ ಅವಸರದಲ್ಲಿ ಬರೀ ಚೈತ್ರ, ೧೮೭೯ ಎಂದು ಹೊಡೆದು ಕಳಿಸಿಬಿಟ್ಟ. ಅದನ್ನು ಇಂಗ್ಲಿಷ್ ವರ್ಷವೆಂದೇ ಓದಿದ ಮೇಲಿನ ಕಚೇರಿಯಿಂದ, ಇಷ್ಟು ಹಳೆಯ ಕಾಗದಕ್ಕೆ ಈಗಲೂ ಉತ್ತರ ಬೇಕೇ ಎಂಬ ಷರಾ ಹೊತ್ತು ಅದು ಹಿಂದಿರುಗಿತು. ಕಚೇರಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಒಂದು ತಪ್ಪು ಅವನಿಗೆ ನಗೆಯಾಗಿ ಕಳೆಯಿತು, ನನಗೆ ಹಾಗೆ ಕಳೆಯುತ್ತದೆಯೇ?

ಮನೆಯಲ್ಲಿ ಮೊರ ಬೋರಲು ಹಾಕಿ, ಸೀಮೆಸುಣ್ಣದಿಂದ ಹೊಸ ಗುಂಡಿಗಳ ಸಾಲು ಬರೆದು ಬೆರಳಾಡಿಸತೊಡಗಿದೆ. ಅಮ್ಮ ನೋಡಿದಳು. ತಮಿಳು ಬೆರೆತ ನಮ್ಮ ಮನೆಯ ಕನ್ನಡದಲ್ಲಿ ಮುದ್ದಿನ ಮಗಳು ಕಣ್ಣು, ರಂಗೋಲಿ ಕೋಲ, ಕೆಲಸ ವೇಲೆ.

"ಏನ್ ಕಣ್ಣು, ಮೊರದ ಮ್ಯಾಲೆ ಕೋಲ ಹಾಕ್ತಿದ್ಯಾ?"

"ಇಲ್ಲಮ್ಮಾ, ಮೆಷಿನ್. ವೇಲೆ ಉಳೀಬೇಕಲ್ಲ."

"ಸಾಪಾಡು ಆರಿಹೋಗ್ತದೆ. ಮೊದ್ಲು ತಿನ್ನು. ಹೊಟ್ಟೆ ಹಸಿದ್ರೆ ಬೆರಳು ಎಲ್ಲಿಂದ ಓಡ್ತದೆ?"

ಮೆಷಿನ್ ಬಂದ ದಿನ ಸೂಪರಿಂಟೆಂಡೆಂಟರು ಪರೀಕ್ಷೆ ಇಟ್ಟರು. ನಿವೃತ್ತಿಗೆ ಹತ್ತಿರವಾಗಿದ್ದ, ಹೆಚ್ಚು ಮಾತಿಲ್ಲದ ಮನುಷ್ಯ. ಹಳೆಯ ಬಿಲ್ಲೊಂದರ ಪ್ರತಿಯೊಂದು ಮೊತ್ತವನ್ನೂ ಗುಮಾಸ್ತರು ಪೈಸೆಗೆ ಬದಲಿಸಿದ್ದರು. ನಾನು ಕೂಡಿದೆ. ಅವರು ಹಳೆಯ ಒಟ್ಟು ಮೊತ್ತವನ್ನು ಪೈಸೆ ಮಾಡಿ ಪಕ್ಕದಲ್ಲಿಟ್ಟರು. ಎರಡೂ ತಾಳೆಯಾಗಲಿಲ್ಲ.

"ಇನ್ನೊಂದು ಸಲ," ಎಂದರು.

ಮತ್ತೆ ಅದೇ ವ್ಯತ್ಯಾಸ. ಟೈಪಿಸ್ಟ್ ತಲೆ ತಗ್ಗಿಸಿ ಕೂತ. ಮೊನ್ನೆ ಆಡಿದ ಮಾತು ಅವನಿಗೂ ನೆನಪಾಗಿರಬೇಕು. ನಾನು ಮೂರನೆಯ ಸಲಕ್ಕೆ ಮೊದಲ ಸಾಲಿಗೆ ಬೆರಳಿಟ್ಟೆ.

"ಏಳಮ್ಮಾ," ಎಂದು ಅವರೇ ನನ್ನ ಕುರ್ಚಿಯಲ್ಲಿ ಕೂತರು. ಒಂದೇ ಬೆರಳಿನಿಂದ, ಅಂಕಿಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತ, ಇಡೀ ಬಿಲ್ಲನ್ನು ಕೂಡಿದರು. ನನಗೆ ಬಂದ ಮೊತ್ತವೇ ಅವರಿಗೂ ಬಂತು. ಕನ್ನಡಕ ಒರೆಸಿ ಹಾಕಿಕೊಂಡು ಗುಮಾಸ್ತರು ಬದಲಿಸಿದ ಅಂಕಿಗಳನ್ನು ನೋಡಿದರು. ಆಮೇಲೆ ಅವರ ಮುಖ ಸಡಿಲವಾಯಿತು.

"ಒಂದಾಣೆಗೆ ಎಷ್ಟು ಪೈಸೆ ಹಾಕಿದ್ದಾರೆ?"

"ಆರು, ಸಾರ್. ಕಾಲು ಪೈಸೆ ಬಿಟ್ಟಿದ್ದಾರೆ."

"ಎಂಟು ಜನಕ್ಕೆ ಒಂದೊಂದಾಣೆ ಅಂದರೆ?"

"ನಲವತ್ತೆಂಟು."

"ಎಂಟಾಣೆ ಒಟ್ಟಿಗೆ ಬದಲಿಸಿದರೆ ಐವತ್ತು. ಬಿಟ್ಟ ಕಾಲು ಪೈಸೆಗಳೆಲ್ಲ ಸೇರಿ ಈ ವ್ಯತ್ಯಾಸ. ಮೆಷಿನ್ ಸರಿಯಾಗಿದೆ, ನೀವೂ ಸರಿಯಾಗಿದ್ದೀರಿ. ಇಷ್ಟು ಹೊತ್ತು ನಿಮ್ಮನ್ನ ಹೆದರಿಸಿದೆ, ಅಲ್ಲವೇ?"

ಸೆರಗಿನಿಂದ ಕಣ್ಣೊತ್ತಿಕೊಂಡು ನೀರಿನ ಹೂಜಿಯ ಕಡೆ ನಡೆದೆ. ಎರಡು ಲೋಟ ನೀರು ಕುಡಿದು ಬಂದೆ. ಟೈಪಿಸ್ಟ್ ತಾನೇ ಹೋಗಿ ನನಗೊಂದು ಕಾಫಿ ತಂದಿಟ್ಟ.

ನೂರರ ಲೆಕ್ಕ ಬಂದಮೇಲೆ ಕೆಲಸ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಹಳೆಯ ಬಾಕಿಗಳನ್ನೆಲ್ಲ ಬದಲಿಸಿ ಕೂಡಬೇಕಾಗಿತ್ತು. ಬೇಸಿಗೆ ಮುಗಿಯುವ ಮುಂಚೆ ನನ್ನನ್ನು ಕಾಯಂ ಮಾಡಿದ ಆದೇಶ ಬಂತು. ಅಪ್ಪನಿಗೆ ಹೇಳಿದಾಗ ಅವನು ಮಗ್ಗದಿಂದ ಎದ್ದು ಬಂದು, "ಸರಿ ಕಣ್ಣು, ಸರಿ," ಎಂದು ನನ್ನ ತಲೆ ಸವರಿದ. ಮರುದಿನ ಭಾನುವಾರ. ಬಿಸಿಲು ಮುಖಕ್ಕೆ ಬೀಳುವವರೆಗೂ ಮಲಗಿದ್ದೆ. ಯಾರೂ ಎಬ್ಬಿಸಲಿಲ್ಲ.