ನೀರಿಲ್ಲದೆ ಓಡಿಸಿದ ಬೋಟು

ರಬ್ಬರ್ ಸುಟ್ಟ ವಾಸನೆ ಬಂದರೆ ನನಗೆ ಈಗಲೂ ಬೆನ್ನು ಚುರುಗುಟ್ಟುತ್ತದೆ. ಇವತ್ತು ಹಿನ್ನೀರಿನ ದಡದಲ್ಲಿ ಯಾರೋ ಹಳೇ ಟಯರಿಗೆ ಬೆಂಕಿ ಹಾಕಿದ್ದರು. ಅದೇ ಹೊತ್ತಿಗೆ ಹೊಳಲ್ಕೆರೆಯವನೊಬ್ಬ ಬಂದ.

"ಅಣ್ಣಾ, ಎರಡು ಹಳೇ ಸ್ಕೀ ಬೋಟು ನೋಡೀನಿ. ಒಂದೇ ಥರ ಅವೆ. ನಿನ್ನ ಕೆಂಪುದ್ನ ಹೆಂಗೆ ಆರಿಸ್ದೆ?"

ಹಲಗೆಯ ಮೇಲೆ ನಿಂತವರನ್ನು ಹಗ್ಗದಲ್ಲಿ ಎಳೆದುಕೊಂಡು ನೀರಿನ ಮೇಲೆ ಓಡುವ ಬೋಟು ನನ್ನದು. ಯಾರು ಕೇಳಿದರೂ "ಅಳೆದು ತೂಗಿ ತಗಂಡೆ" ಎಂದು ಜಂಬ ಕೊಚ್ಚುತ್ತಿದ್ದೆ. ಸುಳ್ಳು. ನಿಮಗೆ ನಿಜ ಹೇಳುತ್ತೇನೆ.

ನನ್ನ ಸೋದರಮಾವ ಮತ್ತೋಡಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟಾಗ ಕೈಗೆ ಸ್ಪಾನರ್ ಕೊಟ್ಟವನು ಅವನೇ. ಚಪ್ಪಲಿ ಕೊಳ್ಳಬೇಕಾದರೂ ಮಾವ ಎರಡನ್ನೂ ಬಗ್ಗಿಸಿ, ಮೂಸಿ ನೋಡುತ್ತಾನೆ. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಹಿರಿಯೂರಿನ ಹೊರಗೆ ಒಂದು ಶೆಡ್ಡಿನಲ್ಲಿ ಎರಡು ಬೋಟು ಟ್ರೇಲರ್ ಮೇಲೆ ನಿಂತಿದ್ದವು. ಒಂದೇ ಕಂಪನಿ, ಒಂದೇ ಉದ್ದ. ಬಿಳಿಯದು ಕೆಂಪಿಗಿಂತ ಒಂದು ವರ್ಷ ಹಳೆಯದು, ಅಷ್ಟೇ. ಮಾವ ಬಿಳಿಯದರ ತಳವನ್ನು ಬೆರಳಲ್ಲಿ ಬಡಿದು ಬಡಿದು ಸದ್ದು ಕೇಳುತ್ತಿದ್ದ. ಓನರ್ ಚಹಾ ತರಲು ಹೋಗಿದ್ದರು. ಟ್ರ್ಯಾಕ್ಟರ್ ಕೊಳ್ಳುವಾಗ ಮಾಡುವ ಹಾಗೆ ನಾನು ಕೆಂಪಿನ ಎಂಜಿನ್ ಚಾಲೂ ಮಾಡಿ ಪೂರ್ತಿ ರೇಸ್ ಕೊಟ್ಟೆ. ಚೆನ್ನಾಗಿ ಕೂಗಿತು. ಇನ್ನಷ್ಟು ಕೊಟ್ಟೆ. ರಬ್ಬರ್ ಸುಟ್ಟ ವಾಸನೆ ಬಂತು.

ಬೆನ್ನಿಗೆ ಮಾವನ ಕೈ ಬಿತ್ತು.

"ಆಫ್ ಮಾಡಲೇ! ನೀರಿಲ್ದೆ ಮೋಟ್ರು ಓಡಿಸ್ಬ್ಯಾಡ ಅಂತ ಎಷ್ಟು ಸಲ ಬಡ್ಕಂಡೀನಿ? ಇದ್ರೊಳಗೂ ಪಂಪ್ ಐತೆ ಕಣಲೇ. ಕೆರೆ ನೀರು ಎಳ್ಕಂಡೇ ಇದು ತಣ್ಣಗಾಗೋದು!"

"ಓನರ್‌ಗೆ ಗೊತ್ತಾಗಿಲ್ಲ ಮಾವ. ಬಿಳೇದು ತಗಂಡು ಹೋಗಾಣ."

ಮಾವ ನನ್ನನ್ನು ಅಪರಿಚಿತನನ್ನು ನೋಡುವಂತೆ ನೋಡಿದ. "ಬಿಳೇದೇ ಚಲೋ ಐತೆ. ಆದ್ರೆ ಕೆಡಿಸಿದ್ದು ಕೆಂಪುದ್ನ. ಅದ್ನೇ ಒಯ್ಯಾಣ."

ಚಹಾ ಬಂದಾಗ ಓನರ್‌ಗೆ ಎಲ್ಲ ಹೇಳಿಯೇ ಬಿಟ್ಟ. ಊರಿಗೆ ತಂದು, ಪಂಪಿನೊಳಗೆ ಕರಗಿ ಅಂಟಿದ್ದ ರಬ್ಬರ್ ಚಕ್ರವನ್ನು ನಾಲ್ಕು ದಿನ ಕೂತು ಬದಲಾಯಿಸಿದ. ನಾನು ಜಂಬ ಕೊಚ್ಚುವಾಗ ಪಕ್ಕದಲ್ಲೇ ಕೂತು ಬೀಡಿ ಸೇದುತ್ತಿದ್ದ. ಆದರೆ ಆವತ್ತಿನಿಂದ ಏನು ಕೊಳ್ಳಲು ಹೋದರೂ ನನ್ನನ್ನು ಜೊತೆಗೆ ಕರೆಯಲಿಲ್ಲ.

ಇವತ್ತೂ ಪಕ್ಕದಲ್ಲೇ ಇದ್ದ. ಟಯರಿನ ಹೊಗೆ ಮೂಗಿಗೆ ಹೊಡೆಯಿತು.

"ಆರಿಸ್ಲಿಲ್ಲ ಕಣಪ್ಪ," ಅಂದೆ. "ಅವಸರ ಮಾಡಿ ಸುಟ್ಟೆ. ಅದಕ್ಕೇ ತಗಂಡ್ವಿ. ನೀನು ನಮ್ ಮಾವನ್ನ ಕರ್ಕಂಡು ಹೋಗು."

ಮಾವ ಬೀಡಿ ಆರಿಸಿ ಎದ್ದ. ಚಪ್ಪಲಿ ಹುಡುಕಿ ಮೆಟ್ಟಿದ. ನಾಲ್ಕು ಹೆಜ್ಜೆ ಹೋಗಿ ತಿರುಗಿದ.

"ಕುಂತೇ ಇದೀಯಲ್ಲೋ. ನೀನೂ ಬಾರಲೇ."